ಟ್ರ್ಯಾಕ್ಟರ್‌ಗೆ ಸರ್ವಿಸ್, ಟ್ರೇಲರ್‌ಗೆ ಬರೀ ಪೂಜೆ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರ್‌ಗಳು ಪಾಳಿ ಹಚ್ಚುತ್ತವೆ. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಎಲ್ಲವನ್ನೂ ನೋಡಿಸುತ್ತಾರೆ. ಹಿಂದಿನ ಟ್ರೇಲರ್‌ಗೆ ಮಾತ್ರ ಖಂಡೇ ಪೂಜೆಗೆ ಒಂದು ಕೈ ಬಣ್ಣ, ಒಂದು ತೆಂಗಿನಕಾಯಿ. ಬೇಸಿಗೆಯಿಂದ ಹೊಲದ ಬದುವಿನಲ್ಲಿ ಬಿಸಿಲು ಮಳೆಗೆ ನಿಂತದ್ದನ್ನು ಎಳೆದು ತಂದು, ಟನ್‌ಗಟ್ಟಲೆ ಕಬ್ಬು ಹೇರಿ ರಸ್ತೆಗೆ ಬಿಡುತ್ತಾರೆ. ಟ್ರ್ಯಾಕ್ಟರ್ ಕೆಟ್ಟರೆ ನಿಂತುಬಿಡುತ್ತದೆ. ಟ್ರೇಲರ್ ಕೆಟ್ಟರೆ ಗಾಲಿ ಕಳಚಿ ಎದುರು ಬಂದವರ ಮೇಲೆ ಹೋಗುತ್ತದೆ. ಮೊದಲ ಲೋಡಿಗೆ ಮುಂಚೆ ಖಾಲಿ ಟ್ರೇಲರ್‌ಗೆ ಒಂದು ದಿನ ಕೊಡಿ ಎಂದು ಮಾಲೀಕರಿಗೂ ಚಾಲಕರಿಗೂ ನಮ್ಮ ವಿನಂತಿ.

ಮೊದಲು ಹಬ್, ಅಂದರೆ ಬೇರಿಂಗ್ ಕೂರುವ ಗಾಲಿಯ ನಡುಭಾಗ, ಬಿಚ್ಚಬೇಕು. ಸಪಾಟು ನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಅಡ್ಡ ಕೊಟ್ಟು, ಆಕ್ಸಲ್ ಕೆಳಗೆ ಜಾಕ್ ಹಚ್ಚಿ ಎತ್ತಿ. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ, ದಪ್ಪ ಕಟ್ಟಿಗೆಯ ದಿಮ್ಮಿ ಇಡಿ. ಗಾಲಿಯನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲುಗಾಡಿಸಿ. ಲಟಲಟ ಎಂದರೆ ಬೇರಿಂಗ್ ಸಡಿಲವಾಗಿದೆ. ತಿರುಗಿಸಿದಾಗ ಗರಗರ ಸದ್ದು ಬಂದರೆ ಸವೆದಿದೆ. ಸದ್ದು ಬರದಿದ್ದರೂ ಬಿಚ್ಚಲೇಬೇಕು. ಕಾಲುವೆ, ಹಳ್ಳ ದಾಟುವಾಗ ಕಾಯ್ದ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನ ಮೂಲಕ ನೀರನ್ನು ಒಳಗೆಳೆಯುತ್ತದೆ. ಆ ನೀರು ಮಳೆಗಾಲವಿಡೀ ಒಳಗೇ ನಿಂತು ರೋಲರ್‌ಗಳಿಗೆ ತುಕ್ಕು ಹಿಡಿಸುತ್ತದೆ. ಕ್ಯಾಪ್ ತೆಗೆದಾಗ ಗ್ರೀಸ್ ಹಾಲು ಬೆರೆಸಿದಂತೆ ಬಿಳುಪಾಗಿ ಕಂಡರೆ ನೀರು ಹೊಕ್ಕಿದೆ ಎಂದೇ ತಿಳಿಯಿರಿ.

ಬೇರಿಂಗನ್ನು ಡೀಸೆಲ್ ಇಲ್ಲವೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ರೋಲರ್ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಸುಟ್ಟಿದೆ; ಸಣ್ಣ ಸಣ್ಣ ಕುಳಿ ಬಿದ್ದಿದ್ದರೂ ಕೆಲಸಕ್ಕೆ ಬಾರದು. ಬದಲಿಸುವಾಗ ಹಬ್ಬಿನೊಳಗಿನ ಕಪ್, ಅಂದರೆ ರೋಲರ್‌ಗಳು ಉರುಳುವ ಹೊರಬಳೆಯನ್ನೂ ಬದಲಿಸಿ. ಹಳೆ ಕಪ್ಪಿನಲ್ಲಿ ಹೊಸ ಬೇರಿಂಗ್ ಕೂಡಿಸಿದರೆ ಕೊಟ್ಟ ದುಡ್ಡು ದಂಡ. ಗ್ರೀಸಿನ ವಿಷಯದಲ್ಲಿಯೂ ಜಿಪುಣತನ ನಡೆಯುತ್ತದೆ: ಪಾಟಾ (ಸ್ಪ್ರಿಂಗ್ ಪಟ್ಟಿಗಳು), ಪಿನ್ನುಗಳಿಗೆ ಹಚ್ಚುವ ಅಗ್ಗದ ಚಾಸಿ ಗ್ರೀಸನ್ನೇ ಹಬ್ಬಿಗೂ ತುಂಬುತ್ತಾರೆ. ಅದು ಕಾವಿಗೆ ಕರಗಿ ಸೋರಿ ಗಾಲಿಯ ಒಳಮೈಗೆ ಹತ್ತಿಕೊಳ್ಳುತ್ತದೆ. ಬೇರಿಂಗಿಗೆಂದೇ ಇರುವ ಲಿಥಿಯಂ ಗ್ರೀಸ್ ಬೇಕು. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತುತ್ತಾ, ಇನ್ನೊಂದು ಬದಿಯ ರೋಲರ್‌ಗಳ ಸಂದಿಯಿಂದ ಹೊರಬರುವ ತನಕ ತುಂಬಬೇಕು. ಹಬ್ಬಿನ ಹೊಟ್ಟೆಯನ್ನು ಮಾತ್ರ ಪೂರ್ತಿ ತುಂಬಬೇಡಿ. ಕಾಯ್ದು ಹಿಗ್ಗಿದಾಗ ಸೀಲನ್ನೇ ಹೊರತಳ್ಳುತ್ತದೆ.

ನಟ್ ಬಿಗಿಯುವುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಗಾಲಿ ತಿರುಗಿಸುತ್ತಲೇ, ಅದು ಬಿಗಿಯಾಗುವ ತನಕ ಕ್ಯಾಸಲ್ ನಟ್ (ಪಿನ್ ಕೂರಲು ತಲೆಯಲ್ಲಿ ಸಂದಿಗಳಿರುವ ನಟ್) ಬಿಗಿಯಿರಿ. ನಂತರ ಆರನೇ ಒಂದರಿಂದ ನಾಲ್ಕನೇ ಒಂದು ಸುತ್ತು ಸಡಿಲಿಸಿ, ಸ್ಪ್ಲಿಟ್ ಪಿನ್ ಕೂರುವ ಸಂದಿಗೆ ನಿಲ್ಲಿಸಿ. ಗಾಲಿ ಸಲೀಸಾಗಿ ತಿರುಗಬೇಕು, ಲಟಲಟ ಎನ್ನಬಾರದು. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಆಗಬೇಕು. ನಾಲ್ಕು ಕಾಸಿನ ಪಿನ್ನಿಗೆ ಬದಲು ತಂತಿ ಸುತ್ತಿದ ಹಬ್‌ಗಳು ಈಗಲೂ ರಸ್ತೆಯಲ್ಲಿ ಓಡುತ್ತಿವೆ. ಮೊದಲ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಎಲ್ಲ ಹಬ್‌ಗಳನ್ನೂ ಹಿಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಯಾವುದೇ ಒಂದು ಹಬ್ ಕೈ ಇಡಲಾಗದಷ್ಟು ಕಾಯ್ದಿದ್ದರೆ ಅಲ್ಲೇ ನಿಲ್ಲಿಸಿ. ಬ್ರೇಕ್ ಇಲ್ಲದ ಟ್ರೇಲರ್‌ನಲ್ಲಿ ಆ ಕಾವು ಬೇರಿಂಗಿನದೇ, ಬೇರೆ ಕಾರಣ ಹುಡುಕಬೇಕಿಲ್ಲ. ನೀರು ಸುರಿದು ತಣಿಸಲು ಹೋಗಬೇಡಿ.

ಇನ್ನು ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುವ ಕೊಂಡಿ. ಹಿಚ್ ಪಿನ್ನಿನ ನಡು ಸವೆದು ಸೊಂಟದಂತೆ ಸಣ್ಣಗಾಗಿದ್ದರೆ, ಡ್ರಾಬಾರಿನ (ಟ್ರೇಲರ್ ಎಳೆಯುವ ಮುಂದಿನ ದಂಡದ) ಕಣ್ಣು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬದಲಿಸಿ. ಪಿನ್ನಿನ ಕೆಳಗೆ ಕ್ಲಿಪ್ಪಿನ ಜಾಗದಲ್ಲಿ ಮನೆ ಕಟ್ಟುವ ಕಬ್ಬಿಣದ ಸಳಿಯ ತುಂಡು ಸಿಕ್ಕಿಸುವುದು ನಮ್ಮಲ್ಲಿ ರೂಢಿ. ತಗ್ಗಿಗೆ ಬಿದ್ದಾಗ ಅದು ಜಾರಿ ಹೋಗುತ್ತದೆ. ಜೋಡಿ ಟ್ರೇಲರ್ ಇದ್ದರೆ ಮುಂದಿನದರ ಹಿಂಬದಿಯ ಹುಕ್ಕನ್ನು ಇನ್ನೂ ಹೆಚ್ಚು ಕಾಳಜಿಯಿಂದ ನೋಡಬೇಕು, ಚಾಲಕನಿಗೆ ಅದು ಕಾಣುವುದೇ ಇಲ್ಲ. ಸುರಕ್ಷತೆಯ ಸರಪಳಿ ಎರಡು ಇರಲಿ, ಡ್ರಾಬಾರಿನ ಕೆಳಗೆ ಒಂದನ್ನೊಂದು ದಾಟಿಸಿ ಟ್ರ್ಯಾಕ್ಟರಿನ ಗಟ್ಟಿ ಭಾಗಕ್ಕೆ ಹಾಕಿ. ಪಿನ್ ಕಳಚಿದರೂ ಡ್ರಾಬಾರ್ ನೆಲಕ್ಕೆ ನಾಟದೆ ಸರಪಳಿಯ ಮೇಲೆ ಕೂರುತ್ತದೆ. ಸರಪಳಿಯನ್ನು ಅದೇ ಪಿನ್ನಿಗೆ ಸಿಕ್ಕಿಸಿದರೆ ಇದ್ದೂ ಇಲ್ಲದಂತೆ.

ಬಣ್ಣದ ಬಗ್ಗೆ ಒಂದು ಮಾತು. ವೆಲ್ಡಿಂಗ್ ಬಿರುಕು ಮೊದಲು ಕಾಣುವುದು ತುಕ್ಕಿನ ಕೂದಲೆಳೆಯಂಥ ಗೆರೆಯಾಗಿ. ಅದರ ಮೇಲೆ ಬಣ್ಣ ಬಳಿದರೆ ಬಿರುಕು ಒಳಗೇ ಬೆಳೆಯುತ್ತದೆ. ಡ್ರಾಬಾರ್, ಟರ್ನ್‌ಟೇಬಲ್ (ಮುಂದಿನ ಆಕ್ಸಲ್ ತಿರುಗುವ ಬಳೆ), ಪಾಟಾ ಬ್ರಾಕೆಟ್ ಇವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿದ ಮೇಲೆಯೇ ಬಣ್ಣ. ಬಿರುಕು ಕಂಡರೆ ಮೇಲೆ ಮೇಲೆ ವೆಲ್ಡ್ ಹಾಕಬೇಡಿ. ಅದರ ತುದಿಯಲ್ಲಿ ಸಣ್ಣ ತೂತು ಹೊಡೆದು, ಗೆರೆಯನ್ನು ಗ್ರೈಂಡ್ ಮಾಡಿ ತೆರೆದು, ತುಂಬಿ, ಪಟ್ಟಿ ಕೂಡಿಸಿ.

ಪಾಟಾದ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಬದಿಗೆ ಹಿಂದೆ ಸರಿದು ಟ್ರೇಲರ್ ಅಡ್ಡಡ್ಡ ಓಡುತ್ತದೆ. ಎರಡು ಗಾಲಿಯ ಟ್ರೇಲರ್ ಆದರೆ ಡ್ರಾಬಾರಿನ ಕಣ್ಣಿನಿಂದ, ನಾಲ್ಕು ಗಾಲಿಯದಾದರೆ ಮುಂದಿನ ಆಕ್ಸಲ್ ನೇರ ಮಾಡಿ ಅದರಿಂದ ಹಿಂದಿನ ಆಕ್ಸಲಿಗೆ ಎರಡೂ ಬದಿ ಟೇಪ್ ಹಿಡಿದರೆ ತಿಳಿಯುತ್ತದೆ. ಯು ಬೋಲ್ಟ್ ಮತ್ತು ಗಾಲಿಯ ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ, ಮೊದಲ ಲೋಡು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ನಟ್ಟಿನ ಸುತ್ತ ತುಕ್ಕಿನ ನೀರು ಹರಿದ ಗುರುತಿದ್ದರೆ ಅದು ಸಡಿಲಾಗಿಯೇ ಓಡಿದೆ.

ಟೈರಿಗೆ ಒದ್ದು ಗಾಳಿ ಅಳೆಯುವುದನ್ನು ಬಿಡಿ. ಬೆಳಗಿನ ತಂಪಿನಲ್ಲಿ ಗೇಜ್ ಹಿಡಿದು, ಟೈರಿನ ಬದಿಯಲ್ಲಿ ಬರೆದಷ್ಟನ್ನು ಮೀರದಂತೆ, ಹೇರುವ ತೂಕಕ್ಕೆ ತಕ್ಕಷ್ಟು ತುಂಬಿಸಿ. ಟೈರಿನ ವಯಸ್ಸು ತಿಳಿಸುವ ನಾಲ್ಕು ಅಂಕಿಯ ಗುರುತೂ ಆ ಬದಿಯಲ್ಲಿಯೇ ಇರುತ್ತದೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲ್ಮೈಯ ಗೆರೆ ಎಷ್ಟೇ ಆಳವಿರಲಿ, ಬದಿ ಸೀಳಿ ಒಳಗಿನ ನೂಲು ಕಂಡರೆ ಆ ಟೈರಿಗೆ ಕಬ್ಬು ಹೇರಬಾರದು.

ರಾತ್ರಿ ಅನಾಹುತಗಳಿಗೆ ಒಂದು ಕಾರಣ ಸರಿಯಾಗಿ ಉರಿಯದ ಹಿಂದಿನ ದೀಪ. ಬ್ರೇಕ್ ಒತ್ತಿದಾಗ ಇಂಡಿಕೇಟರ್‌ಗಳೂ ಮಂಕಾಗಿ ಉರಿದರೆ ಬಲ್ಬ್ ಬದಲಿಸಿ ಫಲವಿಲ್ಲ, ಅರ್ತಿಂಗ್ ಹೋಗಿದೆ. ಗ್ರೀಸು, ತುಕ್ಕು ತುಂಬಿದ ಕೊಂಡಿಯ ಮೂಲಕ ಕರೆಂಟ್ ಸರಿಯಾಗಿ ಮರಳುವುದಿಲ್ಲ. ಟ್ರೇಲರ್ ದೀಪಗಳಿಗೆ ಕರೆಂಟ್ ಕೊಡುವ ಸಾಕೆಟ್ಟಿನಿಂದ ಬೇರೆಯೇ ಅರ್ತ್ ವೈರ್ ಎಳೆಯಿರಿ. ರಿಫ್ಲೆಕ್ಟರ್ ಪಟ್ಟಿ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ತುಕ್ಕು ಉಜ್ಜಿ, ಒರೆಸಿ, ಒಣಗಿದ ತಗಡಿಗೆ ಅಂಟಿಸಿದರಷ್ಟೇ ಹಂಗಾಮು ಮುಗಿಯುವ ತನಕ ನಿಲ್ಲುತ್ತದೆ. ಆದರೆ ಕಬ್ಬು ಹೇರಿದ ಮೇಲೆ ಹಿಂದೆ ಜೋತುಬಿದ್ದ ಸೋಗೆ ಇವೆಲ್ಲವನ್ನೂ ಮುಚ್ಚುತ್ತದೆ. ಅದಕ್ಕೆ ಕೆಂಪು ರಿಫ್ಲೆಕ್ಟರ್ ಅಂಟಿಸಿದ ತಗಡೊಂದನ್ನು ಕಬ್ಬಿನ ಹೊರತುದಿಗೇ ಕಟ್ಟಬೇಕು. ಟೇಪ್ ರೆಕಾರ್ಡರ್ ಜೋರಾಗಿ ಹಚ್ಚಿಕೊಂಡು ಹೋಗುವವರಿಗೆ ಹಿಂದಿನವರ ಹಾರ್ನೂ ಕೇಳದು, ಬೇರಿಂಗಿನ ಗರಗರವೂ ಕೇಳದು. ಪಂಕ್ಚರ್ ಆದಾಗ ಗಾಲಿಗೆ ಅಡ್ಡ ಇಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಚಾಳಿಯೂ ನಿಲ್ಲಲಿ. ಹಗ್ಗ ಕಟ್ಟಿದ ಎರಡು ಕಟ್ಟಿಗೆ ತುಂಡು ಟ್ರೇಲರ್‌ಗೇ ತೂಗುಬಿದ್ದಿದ್ದರೆ ಕಲ್ಲು ಹುಡುಕುವ ಪ್ರಸಂಗವೇ ಬಾರದು.

ಕಾರ್ಖಾನೆಯವರಿಗೂ ಒಂದು ಕೋರಿಕೆ. ತೂಕದ ಕಾಟಾ ಮುಂದೆ ಟ್ರೇಲರ್‌ಗಳು ತಾಸುಗಟ್ಟಲೆ ಪಾಳಿಯಲ್ಲಿ ನಿಂತಿರುತ್ತವೆ. ಅಲ್ಲಿ ಒಂದು ಏರ್ ಕಂಪ್ರೆಸರ್, ಗೇಜ್, ಗಾಲಿ ನಟ್ಟಿನ ಸ್ಪ್ಯಾನರ್, ಸಾಕೆಟ್ ಪರೀಕ್ಷಿಸಲು ಒಂದು ಬ್ಯಾಟರಿ ಇಟ್ಟು ಒಬ್ಬ ಕೆಲಸಗಾರನನ್ನು ಕೂರಿಸಲಿ. ಸಾಗಣೆ ಕರಾರಿಗೆ ಸಹಿ ಹಾಕಿಸುವಾಗ ಆರ್‌ಸಿ, ಇನ್ಶೂರೆನ್ಸ್ ಕೇಳುವಂತೆ ಟ್ರೇಲರಿನ ಹಿಂದಿನ ದೀಪ ಉರಿಸಿ ತೋರಿಸಿ ಎಂದೂ ಕೇಳಲಿ.

– ಟ್ರೇಲರ್ ದುರಸ್ತಿ ಕೆಲಸಗಾರರು, ಮಹಾಲಿಂಗಪುರ, ಬಾಗಲಕೋಟೆ ಜಿಲ್ಲೆ