34ನೇ ಬಾಬ್ತು: ಪವರ್ ವ್ಹೀಲ್‌ಚೇರಿನ ಬಿಡಿಭಾಗಗಳ ಬಗ್ಗೆ ವಿಮಾ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ (ಐಆರ್‌ಡಿಎಐ), ಹೈದರಾಬಾದ್

ಮಾನ್ಯರೇ,

ಆರೋಗ್ಯ ವಿಮೆಯ ಪಾಲಿಸಿ ಪುಸ್ತಕದ ಕೊನೆಯಲ್ಲಿ, ಸಾಮಾನ್ಯವಾಗಿ ಯಾರೂ ತಿರುವಿ ನೋಡದ ಹಾಳೆಗಳಲ್ಲಿ, ‘ಪಟ್ಟಿ 1’ ಇರುತ್ತದೆ. ವಿಮೆಯಲ್ಲಿ ಹಣ ಸಿಗದ 68 ಬಾಬ್ತುಗಳು. ಶಿಶು ಆಹಾರದಿಂದ ಶುರುವಾಗಿ ಲಾಂಡ್ರಿ, ಮಿನರಲ್ ವಾಟರ್, ಟೀವಿ ಎಲ್ಲ ಅದರಲ್ಲಿವೆ. 33ನೆಯದು ಶವಾಗಾರದ ಶುಲ್ಕ. 35ನೆಯದು ಆಸ್ಪತ್ರೆಯ ಹೊರಗೆ ಬಳಸುವ ಆಮ್ಲಜನಕದ ಸಿಲಿಂಡರ್. ನಡುವೆ 34ನೆಯದಾಗಿ ಕೂತಿರುವುದು ‘ವಾಕಿಂಗ್ ಏಡ್ಸ್’, ಅಂದರೆ ನಡಿಗೆಗೆ ನೆರವಾಗುವ ಸಾಧನಗಳು. ಕತ್ತಿನಿಂದ ಕೆಳಗೆ ಅಲುಗಾಡಲಾಗದವರ ಪವರ್ ವ್ಹೀಲ್‌ಚೇರಿಗೆ ಹಾಕಿಸಿದ ಬ್ಯಾಟರಿಯ ಬಿಲ್ಲನ್ನೂ ತಳ್ಳಿಹಾಕಲು ಈ ಒಂದು ಸಾಲು ಸಾಕಾಗುತ್ತದೆ.

ಕುರ್ಚಿಯ ಬಗ್ಗೆ ಇಲ್ಲಿ ಹೇಳಹೊರಟಿಲ್ಲ. ಅದು ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲೋ, ದಾನಿಗಳಿಂದಲೋ, ಸಾಲ ಮಾಡಿಯೋ ಹೇಗೋ ಮನೆಗೆ ಬರುತ್ತದೆ. ಈ ಪತ್ರ ಆಮೇಲಿನ ಖರ್ಚಿನದ್ದು.

ಮೊದಲು ಬ್ಯಾಟರಿ. ಹೆಚ್ಚಿನ ಪವರ್ ಕುರ್ಚಿಗಳು 24 ವೋಲ್ಟಿನವು. 12 ವೋಲ್ಟಿನ ಎರಡು ಡೀಪ್ ಸೈಕಲ್ (ಆಳಕ್ಕೆ ಖಾಲಿಮಾಡಿ ಮತ್ತೆ ಮತ್ತೆ ತುಂಬಿಸಬಹುದಾದ) ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ದಿನವೂ ಓಡಾಡುವ ಕುರ್ಚಿಯಲ್ಲಿ ಲೆಡ್ ಆಸಿಡ್ ಜೋಡಿ ಒಂದೂವರೆ–ಎರಡು ವರ್ಷಕ್ಕೆ ಸೋಲುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು, ಏಕೆಂದರೆ ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಚಾರ್ಜ್ ಸಮನಾಗಿ ಹಂಚಿಕೆಯಾಗದೆ ಹೊಸದೂ ಬೇಗ ಸಾಯುತ್ತದೆ. ದುಡ್ಡಿಲ್ಲದ ಮನೆಯವರು ಒಂದನ್ನೇ ಬದಲಿಸುತ್ತಾರೆ, ಇಲ್ಲವೇ ಕಾರಿನ ಬ್ಯಾಟರಿ ಕೂರಿಸುತ್ತಾರೆ. ಕಾರಿನದು ಎಂಜಿನ್ ಸ್ಟಾರ್ಟ್ ಮಾಡಲು ಒಂದು ಕ್ಷಣ ಭಾರಿ ಕರೆಂಟ್ ಕೊಡಲೆಂದು ಮಾಡಿದ್ದು. ದಿನವೂ ಆಳಕ್ಕೆ ಖಾಲಿಯಾದರೆ ಕೆಲವೇ ತಿಂಗಳಲ್ಲಿ ಕೈಕೊಡುತ್ತದೆ. ಅದೂ ಬಹುಮಟ್ಟಿಗೆ ರಸ್ತೆ ಮಧ್ಯದಲ್ಲಿ. ಹೆಚ್ಚಿನ ಪವರ್ ಕುರ್ಚಿಗಳಲ್ಲಿ ಕರೆಂಟ್ ಹೋದ ಕೂಡಲೇ ಮೋಟಾರಿನ ಬ್ರೇಕ್ ಬಿಗಿಯುತ್ತದೆ. ಹಿಂದಿನ ಲಿವರ್‌ಗಳನ್ನು ತಿರುಗಿಸಿ ಫ್ರೀ ವ್ಹೀಲ್‌ಗೆ (ಚಕ್ರ ಸಡಿಲವಾಗಿ ಉರುಳುವಂತೆ) ಹಾಕುವುದು ಗೊತ್ತಿಲ್ಲದವರು ಎಷ್ಟು ತಳ್ಳಿದರೂ ಕುರ್ಚಿ ಕದಲದು.

ಕುಶನ್ ಇದಕ್ಕಿಂತ ದೊಡ್ಡ ವಿಷಯ. ಬೆನ್ನುಹುರಿಗೆ ಪೆಟ್ಟಾದವರಿಗೆ ಕುಂಡೆಯ ಮೂಳೆಯ ಕೆಳಗಿನ ಚರ್ಮ ನೋಯುವುದು ತಿಳಿಯುವುದಿಲ್ಲ. ಒತ್ತಡ ಬಿದ್ದಲ್ಲಿ ರಕ್ತ ಹರಿಯದೆ ಮಾಂಸ ಕೊಳೆಯುತ್ತದೆ. ಗಾಳಿಗುಳ್ಳೆಗಳ ಕುಶನ್ ಇರುವುದೇ ಇದನ್ನು ತಡೆಯಲು. ಅದನ್ನು ಪರೀಕ್ಷಿಸುವ ಕ್ರಮ ಸರಳ: ವ್ಯಕ್ತಿಯನ್ನು ಕೂರಿಸಿ, ಕುಶನ್ ಮತ್ತು ಕುಂಡೆಯ ನಡುವೆ ಅಂಗೈ ತೂರಿಸಿ, ಅತಿ ಕೆಳಗಿರುವ ಮೂಳೆಯನ್ನು ಹುಡುಕಬೇಕು. ಆ ಮೂಳೆಗೂ ಕುಶನ್ನಿನ ತಳಕ್ಕೂ ಅರ್ಧದಿಂದ ಒಂದು ಇಂಚು ಗಾಳಿ ಉಳಿದಿರಬೇಕು. ಸೂಜಿಮೊನೆಯಷ್ಟು ತೂತಾದರೂ ಗಾಳಿ ಸೋರಿ ಮೂಳೆ ತಳ ಮುಟ್ಟುತ್ತದೆ. ಗಾಳಿ ಜಾಸ್ತಿ ತುಂಬಿದರೂ ಕೆಟ್ಟದ್ದೇ. ಮೂಳೆ ಒಳಗೆ ಇಳಿಯದೆ ಚೆಂಡಿನ ಮೇಲೆ ಕೂತಂತಾಗುತ್ತದೆ.

ಈಗ ವಿಮೆಯ ಲೆಕ್ಕ ನೋಡಿ. ಈ ಕುಶನ್ನಿಗೆ ಸೊನ್ನೆ. ಅದಿಲ್ಲದೆ ಹುಣ್ಣಾಗಿ, ಮೂಳೆಗೆ ಸೋಂಕು ತಗುಲಿ, ಫ್ಲ್ಯಾಪ್ ಶಸ್ತ್ರಚಿಕಿತ್ಸೆ (ಪಕ್ಕದ ಚರ್ಮ, ಮಾಂಸ ಸರಿಸಿ ಹುಣ್ಣು ಮುಚ್ಚುವುದು) ಮಾಡಿಸಿಕೊಂಡು ವಾರಗಟ್ಟಲೆ ಬೋರಲು ಮಲಗಿದರೆ ಅದು ಒಳರೋಗಿಯ ಚಿಕಿತ್ಸೆ, ಕ್ಲೇಮಿಗೆ ಅರ್ಹ. ವಿಮಾ ಕಂಪನಿಯ ಲಾಭನಷ್ಟದ ದೃಷ್ಟಿಯಿಂದಲೂ ಇದು ದಡ್ಡತನದ ವ್ಯವಹಾರ.

ಪವರ್ ಟಿಲ್ಟ್ ಕೂಡ ಇದೇ ಸಾಲಿಗೆ ಸೇರಿದ್ದು. ಟಿಲ್ಟ್ ಅಂದರೆ ಸೀಟು, ಬೆನ್ನಾಸರೆ ಎರಡೂ ಒಟ್ಟಿಗೆ ಹಿಂದಕ್ಕೆ ವಾಲುವುದು. ರಿಕ್ಲೈನ್ ಅಂದರೆ ಬೆನ್ನಾಸರೆ ಮಾತ್ರ. ಬರೀ ಬೆನ್ನಾಸರೆ ವಾಲಿದರೆ ದೇಹ ಮುಂದಕ್ಕೆ ಜಾರಿ ಬಾಲದೆಲುಬಿನ ಚರ್ಮ ಉಜ್ಜುತ್ತದೆ. ಸ್ವಂತ ಕೈಯಿಂದ ಮೈ ಎತ್ತಿಕೊಳ್ಳಲಾಗದವರು 30 ಡಿಗ್ರಿಗೂ ಮೀರಿ ಟಿಲ್ಟ್ ಮಾಡಿದಾಗಲೇ ಒತ್ತಡ ಕುಂಡೆಯಿಂದ ಬೆನ್ನಿಗೆ ಸರಿಯುವುದು. ಕ್ಲೇಮ್ ನೋಡುವವರ ಕಣ್ಣಿಗೆ ಇದು ಸಿನಿಮಾ ಮಂದಿರದ ಸೋಫಾದಂತೆ ಕಾಣುತ್ತದೆ.

ಬಿಲ್ಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ, ಕ್ಲೇಮ್ ಫಾರಂನಲ್ಲಿ ಎರಡು ಭಾಗ: ‘ಎ’ ಪಾಲಿಸಿದಾರರದು, ‘ಬಿ’ ಆಸ್ಪತ್ರೆಯದು. ಕುರ್ಚಿ ಓಡಿಸುವ ಜಾಯ್‌ಸ್ಟಿಕ್ ಮಾರಿದ ಅಂಗಡಿಯವರಿಗೆ ‘ಬಿ’ ತುಂಬುವ ಅಧಿಕಾರವಿಲ್ಲ. ಆಸ್ಪತ್ರೆ ತಾನು ಮಾರದ ವಸ್ತುವಿಗೆ ಸಹಿ ಹಾಕುವುದಿಲ್ಲ. ಡಿಸ್ಚಾರ್ಜ್ ಆದ ಮೇಲಿನ ಖರ್ಚಿಗೆ ಪಾಲಿಸಿಗಳು ಸಾಮಾನ್ಯವಾಗಿ 60 ಅಥವಾ 90 ದಿನ ಕೊಡುತ್ತವೆ. ಬ್ಯಾಟರಿ ಸಾಯುವುದು ಎರಡನೇ ವರ್ಷದಲ್ಲಿ. ಪಟ್ಟಿ 1ರ ಬಾಬ್ತುಗಳಿಗೂ ಹಣ ಕೊಡುವ ರೈಡರ್‌ಗಳು (ಮೂಲ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಮಾರುಕಟ್ಟೆಯಲ್ಲಿವೆ, ನಿಜ. ಅವೂ ಆಸ್ಪತ್ರೆ ಸೇರಿದ ಮೂಲ ಕ್ಲೇಮ್ ಮಂಜೂರಾದರೆ ಮಾತ್ರ ಬಾಯಿಬಿಡುತ್ತವೆ. 2023ರ ಫೆಬ್ರವರಿಯಲ್ಲಿ ತಮ್ಮ ಪ್ರಾಧಿಕಾರವೇ ಅಂಗವಿಕಲರಿಗೆ ಪಾಲಿಸಿ ತರಲೇಬೇಕೆಂದು ಕಂಪನಿಗಳಿಗೆ ಆದೇಶಿಸಿತು. ಒಳ್ಳೆಯ ಹೆಜ್ಜೆ, ಆದರೆ ಅದರ ಅಡಿಪಾಯವೂ ಆಸ್ಪತ್ರೆಯ ಹಾಸಿಗೆಯೇ.

ತಪ್ಪು ಕಂಪನಿಗಳದ್ದು ಮಾತ್ರ ಅನ್ನಲಾರೆವು. ರಿಪೇರಿ ಮಾಡುವ ನಮ್ಮ ಕಡೆಯ ಬಿಲ್ಲುಗಳೂ ಹಾಗೇ ಇರುತ್ತವೆ: ‘ವ್ಹೀಲ್‌ಚೇರ್ ಸ್ಪೇರ್ಸ್ – 1 ಸೆಟ್’. ಇದರಿಂದ ಯಾರಿಗೆ ಏನು ತಿಳಿಯಬೇಕು? ಕುರ್ಚಿಯ ಸೀರಿಯಲ್ ನಂಬರ್, ಭಾಗದ ಹೆಸರು, ಎಡವೋ ಬಲವೋ, ಎಷ್ಟು, ಕೂಲಿ ಬೇರೆ, ಭಾಗದ ಬೆಲೆ ಬೇರೆ ಎಂದು ಬರೆಯಬೇಕು. ಜಿಎಸ್‌ಟಿಯ ಸರಕು ಸಂಕೇತಗಳಲ್ಲಿ ಕುರ್ಚಿ 8713, ಅದರ ಭಾಗಗಳು 8714, ಬ್ಯಾಟರಿ 8507. ಮೂರನ್ನೂ ಒಂದೇ ಸಾಲಿನಲ್ಲಿ ತುರುಕಿದರೆ ತೆರಿಗೆಯ ಲೆಕ್ಕವೇ ತಪ್ಪುತ್ತದೆ. ಆ ಭಾಗ ಬೇಕೆಂದು ಬರೆದುಕೊಡುವ ಥೆರಪಿಸ್ಟರ ಪತ್ರದ ತಾರೀಖು ಬಿಲ್ಲಿಗಿಂತ ಹಿಂದಿನದಾಗಿರಬೇಕು. ಪತ್ರದಲ್ಲಿ ‘ಆರಾಮಕ್ಕಾಗಿ’ ಎಂಬ ಪದ ಬಂತೋ, ಕ್ಲೇಮ್ ಅಲ್ಲಿಗೇ ಮುಗಿಯಿತು. ‘ತಲೆ ನಿಲ್ಲುವುದಿಲ್ಲ, ಹೆಡ್‌ರೆಸ್ಟ್ ಇಲ್ಲದೆ ಟಿಲ್ಟ್ ಮಾಡಿದರೆ ಕತ್ತು ಹಿಂದಕ್ಕೆ ಬೀಳುತ್ತದೆ’ ಎಂದು ಕಾರಣ ಬರೆದಿರಬೇಕು.

ಅಮೆರಿಕದಲ್ಲಿ ವೃದ್ಧರು, ಅಂಗವಿಕಲರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ಒಂದೊಂದು ಭಾಗಕ್ಕೂ ಸಂಕೇತವಿದೆ. ಪವರ್ ಟಿಲ್ಟ್ ಇ1002, ಹೆಡ್‌ರೆಸ್ಟ್ ಇ0955, 22ಎನ್‌ಎಫ್ ಅಳತೆಯ ಸೀಲ್ಡ್ ಬ್ಯಾಟರಿ ಇ2361. ಬ್ಯಾಟರಿಯ ಸಂಕೇತ ಒಂದಕ್ಕೆ, ಆದ್ದರಿಂದ ಜೋಡಿಗೆ ಪ್ರಮಾಣ 2 ಎಂದು ಬರೆಯಬೇಕು. ರಿಪೇರಿಗಾಗಿ ಬದಲಿಸಿದ ಭಾಗವಾದರೆ ಸಂಕೇತದ ಕೊನೆಗೆ ‘ಆರ್‌ಬಿ’ ಸೇರಿಸುತ್ತಾರೆ. ಮೆಕ್ಯಾನಿಕ್ಕಿನ ಕೂಲಿಗೂ ಕೆ0739 ಇದೆ, 15 ನಿಮಿಷಕ್ಕೆ ಒಂದು ಯೂನಿಟ್. ಮಂಜೂರಾದ ಮೊತ್ತದಲ್ಲಿ ಸಾಮಾನ್ಯವಾಗಿ ಶೇ 20 ರೋಗಿಯದು. ಅಲ್ಲೇನೂ ಸ್ವರ್ಗವಿಲ್ಲ: ಮನೆಯೊಳಗಿನ ಓಡಾಟಕ್ಕೆ ಬೇಕೆಂದು ತೋರಿಸದಿದ್ದರೆ ಕುರ್ಚಿಯೇ ಸಿಗದು, ಸೀಟನ್ನು ಮೇಲಕ್ಕೆತ್ತುವ ಸೌಲಭ್ಯವನ್ನು ಒಪ್ಪಿದ್ದೇ 2023ರ ಮೇನಲ್ಲಿ. ಆದರೂ ತಿರಸ್ಕಾರ ಬಂದರೆ ಯಾವ ಭಾಗಕ್ಕೆ, ಯಾಕೆ ಎಂದು ಕೇಳಲು ಒಂದು ಸಂಖ್ಯೆಯಾದರೂ ಕೈಯಲ್ಲಿರುತ್ತದೆ.

ನಮ್ಮ ಕೋರಿಕೆ ಇಷ್ಟು. 34ನೇ ಬಾಬ್ತಿಗೆ ವ್ಯಾಖ್ಯೆ ಕೊಡಿ. ಊರುಗೋಲು, ವಾಕರ್ ಅಲ್ಲಿರಲಿ, ಪವರ್ ವ್ಹೀಲ್‌ಚೇರಿನ ಭಾಗಗಳು ಅದರಡಿ ಬರುವುದಿಲ್ಲವೆಂದು ಬರೆಯಿರಿ. ಅಂಗವಿಕಲರ ಪಾಲಿಸಿಯಲ್ಲಿ ಆಸ್ಪತ್ರೆ ದಾಖಲಾತಿಯ ಹಂಗಿಲ್ಲದ ಒಂದು ವಾರ್ಷಿಕ ಮೊತ್ತ ಇಡಿಸಿ. ಮೊದಲಿಗೆ ಕುಶನ್, ಬ್ಯಾಟರಿ ಜೋಡಿ, ಚಾರ್ಜರ್, ಜಾಯ್‌ಸ್ಟಿಕ್, ಹೆಡ್‌ರೆಸ್ಟ್, ಪಕ್ಕದ ಆಧಾರಗಳು, ಟಿಲ್ಟ್ ಮೋಟಾರು ಇಷ್ಟಕ್ಕೇ ಸಂಕೇತ ಸಾಕು. ‘ಬಿ’ ಭಾಗದ ಬದಲು ಥೆರಪಿಸ್ಟ್ ಮತ್ತು ಮಾರಾಟಗಾರರು ಸಹಿ ಹಾಕುವ ಒಂದು ಹಾಳೆ ಕೊಡಿ. ಅದರಲ್ಲಿ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಸಂಖ್ಯೆ, ಕುರ್ಚಿಯ ಸೀರಿಯಲ್ ನಂಬರ್, ಕಳಚಿದ ಹಳೆಯ ಭಾಗದ ಫೋಟೋ ಇರಲಿ. ಸುಳ್ಳು ಬಿಲ್ಲಿನ ಭಯ ಕಂಪನಿಗಳಿಗಿದ್ದೇ ಇದೆ, ಅದು ನ್ಯಾಯವೇ. ಕುಶನ್ ತೂತಾದವರ ಅರ್ಜಿಗೆ ಮಾತ್ರ ಬೇರೆ ಗಡುವು ಬೇಕು. ಬ್ಯಾಟರಿ ಹೋದವರು ಮನೆಯಲ್ಲಿ ಕೂತು ಹೇಗೋ ಕಾಯುತ್ತಾರೆ; ಕುಶನ್ ಹೋದವರಿಗೆ ಕೂರುವುದೇ ಅಪಾಯ.

ಇಂತಿ,
ವ್ಹೀಲ್‌ಚೇರಿಗೆ ಅಳತೆ ತೆಗೆಯುವ, ರಿಪೇರಿ ಮಾಡುವ, ಕ್ಲೇಮಿನ ಕಾಗದ ತುಂಬುವ ಕೆಲವರು