ಸ್ಟಾಕ್ ಸ್ವಾಮಿಯಿಂದ ಪಚ್ಚುವಿಗೆ

ಪಚ್ಚು ಮಾರಾಯಾ,

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಮೊದಲ ಸಲ ಹುಬ್ಬಳ್ಳಿಯ ಟ್ರಾಫಿಕ್ ಗಲಾಟೆಯಲ್ಲಿ ನೀನು ಹೇಳಿದ್ದು ಏನೂ ತಿಳಿಯಲಿಲ್ಲ. ಎರಡನೇ ಸಲ ನಂಬಲಿಲ್ಲ. ಮೂರನೇ ಸಲ ಹೊಟ್ಟೆಕಿಚ್ಚು ಶುರುವಾಯಿತು. ನಿನಗೆ ಸಿಕ್ಕಿದ್ದು ಫೋಕ್ಸ್‌ವ್ಯಾಗನ್ನಿನ 2017ರ ಪೋಲೋ ಜಿಟಿ ಟಿಎಸ್‌ಐ, ಅದೂ ಕೆಂಪು, ಒಬ್ಬರೇ ಓನರ್, 58 ಸಾವಿರ ಕಿಲೋಮೀಟರ್! ನಮ್ಮಲ್ಲಿ ಪೋಲೋ ತಯಾರಾಗುವುದೇ 2022ಕ್ಕೆ ನಿಂತಿತು, ಈಗ ಒಳ್ಳೆಯದು ಸಿಗಬೇಕಾದರೆ ಜಾತಕ ಕೂಡಿಬರಬೇಕು. ನಿನ್ನಂಥವನಿಗೆ ಹೇಗೆ ಸಿಕ್ಕಿತೋ. ಕೊನೆಗೆ ಕೇಳಿದೆಯಲ್ಲ, "ರೀಮ್ಯಾಪ್ ಮಾಡಿಸ್ಲಾ ಬೇಡ್ವಾ, ನೀನೊಂದು ಮಾತು ಹೇಳು, ನೀನಂತೂ ಸ್ಟಾಕ್ ಸ್ವಾಮಿ" ಅಂತ.

ಉತ್ತರವನ್ನು ಇಲ್ಲೇ, ಎಲ್ಲರ ಎದುರು ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕೈದು ಜನ ಕೇಳಿದ್ದಾರೆ. ಗೊತ್ತಿಲ್ಲದವರಿಗೆ: ರೀಮ್ಯಾಪ್ ಅಂದರೆ ಇಂಜಿನ್ನಿನ ಕಂಪ್ಯೂಟರಿನ ಫೈಲ್ ಬದಲಿಸಿ ಶಕ್ತಿ ಏರಿಸುವುದು, ಸ್ಟಾಕ್ ಅಂದರೆ ಕಂಪನಿಯಿಂದ ಬಂದ ಹಾಗೇ ಇಟ್ಟ ಕಾರು. ಅಲ್ಲದೆ ನಿನಗೊಬ್ಬನಿಗೇ ಕಳಿಸಿದರೆ ನೀನು ಹೇಗೂ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುವವನೇ. ಹೆಲ್ಮೆಟ್ ಇಡ್ಲಿ ವಿಷಯದಲ್ಲಿ ಏನಾಯಿತು ಅಂತ ನಾನಿನ್ನೂ ಮರೆತಿಲ್ಲ.

ಮೊದಲು ಪ್ರವಚನ ಮುಗಿಸುತ್ತೇನೆ.

1.2 ಲೀಟರಿನ ಪುಟ್ಟ ಇಂಜಿನ್. ಒಳಗೆ ಗಾಳಿ ತುರುಕುವ ಟರ್ಬೊ ಇರುವುದರಿಂದ 105 ಪಿಎಸ್, ಅಂದರೆ ಸುಮಾರು 105 ಕುದುರೆಯ ಶಕ್ತಿ, ಮತ್ತೆ 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆ 175 ಸಿಗುವುದು 1500 ಆರ್‌ಪಿಎಂಗೆ, ಅದು ಹಾಗೇ 4100ರವರೆಗೂ ಕೈಬಿಡುವುದಿಲ್ಲ. ಘಾಟಿ ಹತ್ತುವಾಗ ಆ ಎಳೆತ ಬರುವುದು ಅದರಿಂದಲೇ. ಈಗ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬ ಹುಡುಗ ಬರುತ್ತಾನೆ, ಸ್ಟೇರಿಂಗ್ ಕೆಳಗೆ ವೈರ್ ಚುಚ್ಚುತ್ತಾನೆ, ಅರ್ಧ ಗಂಟೆಯಲ್ಲಿ 105 ಹೋಗಿ 130ರ ಮೇಲಾಗುತ್ತದೆ. ಅವನೇನೂ ಹೊಸ ಪಾರ್ಟ್ ಹಾಕಿರುವುದಿಲ್ಲ. ಅದೇ ಪಿಸ್ಟನ್, ಅದೇ ಟರ್ಬೊ, ಅದೇ ರೇಡಿಯೇಟರ್. ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಸ್ವಲ್ಪ ಏರಿಸಿ, ಸ್ಪಾರ್ಕ್ ಸ್ವಲ್ಪ ಮುಂಚೆ ಮಾಡಿ, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಸಿರುತ್ತಾನೆ ಅಷ್ಟೇ.

ಹಾಗಾದರೆ ಕಂಪನಿಯವರಿಗೇ ಅದನ್ನು ಮಾಡಲು ಬರುತ್ತಿರಲಿಲ್ಲವಾ? ಬರುತ್ತಿತ್ತು. ಅವರು ಬಿಟ್ಟ ಜಾಗ ಏಪ್ರಿಲ್ ತಿಂಗಳ ರಾಯಚೂರಿಗೆ, ಯಾವುದೋ ಊರಿನ ಬಂಕಿನ ಕೆಟ್ಟ ಪೆಟ್ರೋಲಿಗೆ, ಐದು ಜನ ಕೂತು ಎಸಿ ಹಾಕಿಕೊಂಡು ಘಾಟಿ ಹತ್ತುವ ದಿನಕ್ಕೆ. ಪೆಟ್ರೋಲ್ ಚೆನ್ನಾಗಿಲ್ಲದಿದ್ದರೆ ಅದು ಹೊತ್ತು ತಪ್ಪಿ ಉರಿದು ಇಂಜಿನ್ ನಾಕ್ ಹೊಡೆಯಲು ನೋಡುತ್ತದೆ, ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡು ಸ್ಪಾರ್ಕನ್ನು ಹಿಂದಕ್ಕೆ ಸರಿಸುತ್ತದೆ. ಸ್ಟಾಕ್ ಕಾರಿನಲ್ಲಿ ಹಿಂದೆ ಸರಿಯಲು ಜಾಗ ಇರುತ್ತದೆ. ರೀಮ್ಯಾಪ್ ಮಾಡಿಸಿದವನು ಆ ಜಾಗವನ್ನು ಮೊದಲೇ ಮಾರಿಕೊಂಡಿರುತ್ತಾನೆ. ನಾಕ್ ತಡೆಯುವ ನೂರು ಆಕ್ಟೇನಿನ ಪೆಟ್ರೋಲ್ ಬೇಕು ಅಂದರೆ ಲೀಟರಿಗೆ ತುಂಬಾ ಜಾಸ್ತಿ ಕೊಡಬೇಕು, ನೀನಂತೂ ಕೊಡುವವನಲ್ಲ.

ಇನ್ನು ಗೇರ್‌ಬಾಕ್ಸ್. ಏಳು ಗೇರಿನ ಡಿಎಸ್‌ಜಿ, ಅಂದರೆ ತಾನೇ ಗೇರ್ ಬದಲಿಸುವಂಥದ್ದು, ಒಳಗೆ ಎಣ್ಣೆಯಲ್ಲಿ ಮುಳುಗಿರದ ಎರಡು ಒಣ ಕ್ಲಚ್. ಅದು ತಡೆಯುವ ಮಿತಿ 250 ನ್ಯೂಟನ್ ಮೀಟರ್. ಇಂಜಿನ್ ಕೊಡುವುದು 175. ನಡುವೆ 75 ಉಳಿಯಿತಲ್ಲ, ಅದು ನಿನ್ನ ನೆಮ್ಮದಿ. ರೀಮ್ಯಾಪ್ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಿಂದುಬಿಡುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಆಮೆಯ ಹಾಗೆ ತೆವಳುವಾಗ ಆ ಕ್ಲಚ್‌ಗಳು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತವೆ. ಅದಕ್ಕೆ ನಾನು ಮುಂದಿನ ಕಾರನ್ನು ಒಂದು ಕಾರಿನಷ್ಟು ದೂರ ಹೋಗಲು ಬಿಟ್ಟು, ಆಮೇಲೆ ಒಂದೇ ಸಲ ಬಿಡುತ್ತೇನೆ, ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿರುತ್ತೇನೆ, ಆಗ ಕ್ಲಚ್ ಪೂರ್ತಿ ಬಿಟ್ಟುಕೊಳ್ಳುತ್ತದೆ. ಹಿಂದಿನವರು ಬೈಯುತ್ತಾರೆ. ಬೈಯಲಿ. ಆ ಖಾಲಿ ಜಾಗಕ್ಕೆ ಆಟೊ ನುಗ್ಗುತ್ತದೆ. ನುಗ್ಗಲಿ.

ಕಾನೂನಿನ ಮಾತು ಬೇಕಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೋ, ಆರ್‌ಸಿಯಲ್ಲಿ ಇರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಕಾರನ್ನು ಬದಲಿಸಬಾರದು ಅನ್ನುತ್ತದೆ. ಇನ್ಶೂರೆನ್ಸ್‌ನವರು ಇಂಥದ್ದನ್ನು ಹುಡುಕಲೆಂದೇ ಕನ್ನಡಕ ಹಾಕಿಕೊಂಡು ಬರುತ್ತಾರೆ.

ನನ್ನ ಪೋಲೋದಲ್ಲಿ ನಾನು ಬದಲಿಸಿದ್ದು ಇಷ್ಟು. ಟೈರು ಒಂದು ಸೈಜ್ ಅಗಲ, 185 ಮಿಲಿಮೀಟರಿನ ಬದಲು 195. ಒಳ್ಳೆಯ ಬ್ರೇಕ್ ಪ್ಯಾಡ್. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್, ಯಾಕಂದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಘಾಟಿ ಇಳಿಯುವಾಗ ಕಾದರೆ ಪೆಡಲ್ ಬೆಣ್ಣೆಯಾಗುತ್ತದೆ. ಹೆಡ್‌ಲೈಟಿಗೆ ಒಂದು ರಿಲೇ. ಹಾರ್ನ್. ಘಾಟಿ ಹತ್ತಿ ನಿಂತ ಮೇಲೆ ತಕ್ಷಣ ಆಫ್ ಮಾಡದೆ ಒಂದು ನಿಮಿಷ ಸುಮ್ನೆ ಓಡಲು ಬಿಡುತ್ತೇನೆ, ಟರ್ಬೊ ತಣ್ಣಗಾಗಲಿ ಅಂತ. ಹೆಂಡತಿ ಇದಕ್ಕೆ ನೈವೇದ್ಯ ಅನ್ನುತ್ತಾಳೆ.

ಮತ್ತೆ ಮಜಾ ಎಲ್ಲಿದೆ ಅಂತ ಕೇಳುತ್ತೀಯಲ್ಲ, ಮೂಡಿಗೆರೆಯಿಂದ ಕೊಟ್ಟಿಗೆಹಾರದ ರಸ್ತೆಗೆ ಬೆಳಗ್ಗೆ ಆರೂವರೆಗೆ ಬಾ. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ಮರಗಳ ಮಧ್ಯೆ ಮಂಜು, ಗ್ಲಾಸ್ ಇಳಿಸಿದರೆ ಒದ್ದೆ ಮಣ್ಣಿನ ವಾಸನೆ. ಎರಡನೇ ಗೇರಿನಲ್ಲಿ ತಿರುವು ಹಿಡಿದು, ಮೂರಕ್ಕೆ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ನೀನು ಯಾರ ಪ್ರಾಣಕ್ಕೂ ಸಂಚಕಾರ ತರುವುದಿಲ್ಲ. 105 ಕುದುರೆಯನ್ನು ಪೂರ್ತಿ ಓಡಿಸಬಹುದು. 230 ಕುದುರೆಯ ಆಕ್ಟೇವಿಯಾ ವಿಆರ್‌ಎಸ್ ಇಟ್ಟುಕೊಂಡವರು ನಮ್ಮ ರಸ್ತೆಯಲ್ಲಿ ಅರ್ಧವನ್ನು ಲಾಯದಲ್ಲೇ ಕಟ್ಟಿಹಾಕಿರುತ್ತಾರೆ. (ಇದು ಹೊಟ್ಟೆಕಿಚ್ಚು ಅಂತ ನೀನು ಹೇಳುವ ಮೊದಲೇ ಹೇಳುತ್ತಿದ್ದೇನೆ, ಹೌದು.)

ಇಲ್ಲಿಗೆ ನಿಲ್ಲಿಸಿದ್ದರೆ ಚಂದ ಇತ್ತು. ನಾನೂ ಇಲ್ಲಿಗೇ ನಿಲ್ಲಿಸಬೇಕು ಅಂತಲೇ ಶುರು ಮಾಡಿದ್ದು.

ಪಚ್ಚು, ನಾನು ರೀಮ್ಯಾಪ್ ಮಾಡಿಸಿದ್ದೆ.

2022ರ ಮಾರ್ಚಿನಿಂದ ನವೆಂಬರ್‌ವರೆಗೆ, ಎಂಟು ತಿಂಗಳು. ಆ ಲ್ಯಾಪ್‌ಟಾಪ್ ಹುಡುಗ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೇ ಬಂದಿದ್ದ. ಸಕಲೇಶಪುರದ ಹತ್ತಿರ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ಯಾಂಕರನ್ನು ಹಿಂದೆ ಹಾಕಿದಾಗ, "ಸ್ಟಾಕಲ್ಲೇ ಹೀಗೆ ಎಳೀತದಾ ಮಾರಾಯ!" ಅಂತ ನೀನು ಅಂದಿದ್ದೆ ನೋಡು, ನಾನು ಏನೋ ದೊಡ್ಡ ಡ್ರೈವರ್ ಹಾಗೆ ತಲೆಯಾಡಿಸಿದ್ದೆ. ಸ್ಟಾಕ್ ಸ್ವಾಮಿ ಅಂತ ನೀವೆಲ್ಲ ಹೆಸರಿಟ್ಟಿದ್ದು ಅದೇ ವಾರ. ನನಗೆ ಆ ಹೆಸರು ಇಷ್ಟವಾಯಿತು. ಬಿಡಲು ಮನಸ್ಸು ಬರಲಿಲ್ಲ.

ಹಾಗಾದರೆ ಮತ್ತೆ ಸ್ಟಾಕಿಗೆ ತಂದಿದ್ದು ಯಾಕೆ? ನಂತರ ನಿಮಗೆಲ್ಲ ಕ್ಲಚ್, 250, 175 ಅಂತ ಲೆಕ್ಕ ಹೇಳಿಕೊಟ್ಟೆನಲ್ಲ, ಆ ಲೆಕ್ಕವೆಲ್ಲ ಸರಿಯೇ. ಆದರೆ ನಾನು ತೆಗೆಸಿದ್ದು ಆ ಲೆಕ್ಕ ನೋಡಿ ಅಲ್ಲ.

ಅಪ್ಪ ನಿನಗೆ ಗೊತ್ತಲ್ವಾ. 31 ವರ್ಷ ಕೆಎಸ್‌ಆರ್‌ಟಿಸಿ ಡ್ರೈವರ್, ಧರ್ಮಸ್ಥಳ ಡಿಪೋ. ಚಿಕ್ಕಮಗಳೂರಿನ ರೂಟಿನಲ್ಲಿ ಚಾರ್ಮಾಡಿಯನ್ನು ಎಷ್ಟು ಸಲ ಹತ್ತಿ ಇಳಿದಿದ್ದಾರೋ ಅವರಿಗೇ ಲೆಕ್ಕ ಇಲ್ಲ. ಆ ಅಕ್ಟೋಬರಿನಲ್ಲಿ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಬರುತ್ತಿದ್ದೆ. ಇಬ್ಬರೇ. ಮಳೆ ಬಂದು ನಿಂತಿತ್ತು, ರಸ್ತೆ ಮಿಂಚುತ್ತಿತ್ತು. ಮುಂದೆ ಅಡಿಕೆ ಮೂಟೆ ಹೇರಿಕೊಂಡ ಪಿಕಪ್ ಏದುಸಿರು ಬಿಡುತ್ತಾ ಹೋಗುತ್ತಿತ್ತು. ತಿರುವಿನಾಚೆ ಸ್ವಲ್ಪ ಕಂಡಿತು, ಒತ್ತಿದೆ. ಆ ಎಂಟು ತಿಂಗಳಲ್ಲಿ ಒಂದು ಅಭ್ಯಾಸ ಆಗಿತ್ತು, ಜಾಗ ಇದೆಯಾ ಅಂತ ನೋಡುತ್ತಿರಲಿಲ್ಲ, ಒತ್ತಿದರೆ ಜಾಗ ಆಗುತ್ತದೆ ಅಂದುಕೊಳ್ಳುತ್ತಿದ್ದೆ. ಮುಂದಿನ ಚಕ್ರ ಒದ್ದೆ ರಸ್ತೆಯಲ್ಲಿ ಜಾರಿತು, ಚಕ್ರ ಜಾರಿದರೆ ಎಳೆತ ತಗ್ಗಿಸುವ ಇಎಸ್‌ಪಿ ಲೈಟ್ ಮಿಣುಕಿತು, ಎಳೆತ ಬೇಕಾದ ಹೊತ್ತಿಗೇ ಕಡಿತವಾಯಿತು. ಎದುರಿಗೆ ಬಸ್ಸು. ಪಿಕಪ್‌ನವನು ಬ್ರೇಕ್ ಹಾಕಿ ಬದಿಗೆ ಸರಿದ, ನಾನು ಅವನ ಮುಂದೆ ತೂರಿಕೊಂಡೆ. ಬಸ್ಸು ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು ಅಂದರೂ ತಪ್ಪಿಲ್ಲ.

ಅಪ್ಪ ಒಂದು ಮಾತು ಆಡಲಿಲ್ಲ. ಮೇಲಿನ ಹಿಡಿಯನ್ನೂ ಹಿಡಿದುಕೊಂಡಿರಲಿಲ್ಲ. ಅಣ್ಣಪ್ಪಸ್ವಾಮಿ ಗುಡಿ ಬಂತು. ಸರ್ವಿಸ್ ಇದ್ದಷ್ಟು ಕಾಲವೂ ಅಲ್ಲಿ ಅವರು ಹಾಕಿದ್ದು ಒಂದೊಂದೇ ನಾಣ್ಯ. ಅವತ್ತು ಇಳಿದು ಹೋಗಿ ಜೇಬಿನಿಂದ ನೂರರ ನೋಟು ತೆಗೆದರು. ಕಾರಿಗೆ ಒರಗಿ ನಿಂತು ನೋಡುತ್ತಿದ್ದೆ. ಆಗ ಅವರು ಕೂತಿದ್ದ ಕಡೆ ಕಣ್ಣು ಹೋಯಿತು. ಕಾಲು ಇಡುವಲ್ಲಿ ಹಾಸಿದ್ದ ರಬ್ಬರ್ ಮ್ಯಾಟ್ ಮುದುಡಿ ಮುಂದಕ್ಕೆ ಹೋಗಿ ಮಡಚಿಕೊಂಡಿತ್ತು. ಬಲಗಾಲು ಇರುವ ಕಡೆ ಮಾತ್ರ. ಅಲ್ಲಿ ಬ್ರೇಕ್ ಇಲ್ಲ ಅಂತ ಅವರ ಕಾಲಿಗೆ ಗೊತ್ತಿರಲಿಲ್ಲ.

ಮ್ಯಾಟ್ ಸರಿಮಾಡಿ ಹಾಕಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಣ ಅಂತ ನಿಲ್ಲಿಸಿದೆ. ನಾಲ್ಕು ದೋಸೆ ತಿನ್ನುವ ಮನುಷ್ಯ ಒಂದು ತಿಂದು ಕೈ ತೊಳೆದರು.

ವಾರದ ನಂತರ ಊರಿಗೆ ಹೊರಟಾಗ ಹೇಳಿದರು, "ನಾನು ಬಸ್ಸಲ್ಲಿ ಹೋಗ್ತೇನೆ. ನಿಂಗೆ ಸುಮ್ನೆ ತೊಂದರೆ ಯಾಕೆ." ಮುಂದಿನ ಸಲವೂ ಬಸ್ಸೇ. ಮೆಜೆಸ್ಟಿಕ್ಕಿಗೆ ಕಾರು ತರುತ್ತೇನೆ ಅಂದರೆ, ಬೇಡ, ಮೆಟ್ರೋದಲ್ಲಿ ವಿಜಯನಗರಕ್ಕೆ ಹತ್ತು ನಿಮಿಷ ಅನ್ನುತ್ತಿದ್ದರು. ಮೊಮ್ಮಗಳಿಗೆ ಮೆಟ್ರೋ ತೋರಿಸಿದ ಹಾಗಾಯಿತು ಅಂತ ಒಂದು ನೆಪ. ಮೊಮ್ಮಗಳು ಜೊತೆಗೇ ಇರುತ್ತಿರಲಿಲ್ಲ.

ಆ ನವೆಂಬರಿನಲ್ಲಿ ಹುಡುಗನನ್ನು ಕರೆಸಿ ಹಳೆಯ ಫೈಲ್ ಹಾಕಿಸಿಬಿಟ್ಟೆ. ಗ್ರೂಪಿನಲ್ಲಿ ಡಿಎಸ್‌ಜಿ ಬಗ್ಗೆ ಉದ್ದ ಬರೆದೆ. ನೂರಾರು ಲೈಕ್ ಬಂತು.

ಈಗ ಯಾಕೆ ಇದೆಲ್ಲ ಅಂದರೆ, ಮೂರು ವಾರದ ಹಿಂದೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಮೆಟ್ರೋ ಅನ್ನಲು ದಾರಿ ಇರಲಿಲ್ಲ. ಆಸ್ಪತ್ರೆಯಿಂದ ಕರೆದುಕೊಂಡು ಬಂದೆ. ಹಿಂದಿನ ಸೀಟಿನಲ್ಲಿ ಕೂತರು, ಎಡಗಡೆ. ನಾನು ನಲವತ್ತರ ಸ್ಪೀಡ್ ದಾಟಲಿಲ್ಲ. ಮಾಗಡಿ ರಸ್ತೆ ಸಿಗ್ನಲಿನಲ್ಲಿ ಹಸಿರು ಬಿದ್ದು ಕಾರು ಹೊರಟಾಗ ಹಿಂದಿನಿಂದ ಹೇಳಿದರು, "ಗಾಡಿ ಈಗ ಮೆತ್ತಗಾಗಿದೆ."

ನಾನು ಏನು ಹೇಳಿದೆ ಗೊತ್ತಾ? "ಹೌದಪ್ಪ, ಸರ್ವಿಸ್ ಮಾಡಿಸಿದೆ."

"ಹ್ಞೂಂ" ಅಂದರು.

ಚಾರ್ಮಾಡಿಯಲ್ಲಿ ಅವತ್ತೇ ಅವರಿಗೆ ಗೊತ್ತಾಗಿತ್ತು ಪಚ್ಚು. ಕಾರಿಗೆ ಏನೋ ಆಗಿದೆ ಅಂತ, ಮಗನಿಗೂ. ಮೂರು ದಶಕ ಆಕ್ಸಿಲರೇಟರ್ ಮೇಲೆ ಕಾಲಿಟ್ಟವರಿಗೆ ಸೀಟಿನಲ್ಲಿ ಕೂತರೆ ತಿಳಿಯುವುದಿಲ್ಲವಾ. ನನಗೆ ಆಗಾಗ ಅನಿಸುತ್ತದೆ, ಆ ಪಿಕಪ್ಪನ್ನು ಸ್ಟಾಕ್ ಕಾರಿನಲ್ಲೂ ಓವರ್‌ಟೇಕ್ ಮಾಡುತ್ತಿದ್ದೆನೋ ಏನೋ. ಫೈಲನ್ನು ಹಿಂದಕ್ಕೆ ಹಾಕಿಸುವುದು ಸುಲಭ ಇತ್ತು, ಅರ್ಧ ಗಂಟೆ ಸಾಕಾಯಿತು. ಅವರ ಹತ್ತಿರ ಹೋಗಿ "ಅಪ್ಪ, ಅವತ್ತು ತಪ್ಪಾಯ್ತು" ಅನ್ನಲು ಇಷ್ಟು ವರ್ಷದಲ್ಲಿ ಆಗಿಲ್ಲ. ಈಗ ನೋಡು, ಅವರನ್ನು ಬಿಟ್ಟು ಊರಿಗೆಲ್ಲ ಹೇಳುತ್ತಿದ್ದೇನೆ. ಅವರು ಇದನ್ನು ಓದುವುದಿಲ್ಲ, ಡಾಕ್ಟರು ಒಂದು ತಿಂಗಳು ಮೊಬೈಲ್ ಜಾಸ್ತಿ ನೋಡಬೇಡಿ ಅಂದಿದ್ದಾರೆ. ಅದನ್ನೂ ಲೆಕ್ಕ ಹಾಕಿಯೇ ಬರೆದಿದ್ದೇನೆ ಅಂತ ನೀನು ಅಂದುಕೊಂಡರೆ, ಅಂದುಕೋ.

ಥೂ, ಟೈರಿನ ವಿಷಯ ಮಾತಾಡುವವನು ಎಲ್ಲಿಗೋ ಹೋದೆ. ನೀನು ಮೊದಲು ಆ ಕಾರಿನ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ನೋಡು, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2317 ಅಂತ ಇದ್ದರೆ ಅದು ಕಾರಿನ ಜೊತೆ ಹುಟ್ಟಿದ ಟೈರು, ಮೊದಲು ಅದನ್ನು ಕಿತ್ತು ಬಿಸಾಕು. ರೀಮ್ಯಾಪಿನ ದುಡ್ಡಿನಲ್ಲಿ ನಾಲ್ಕು ಹೊಸ ಟೈರು ಬರುತ್ತದೆ. ಆ ಹುಡುಗನ ನಂಬರ್ ಕೇಳಬೇಡ, ಡಿಲೀಟ್ ಮಾಡಿದ್ದೇನೆ. ಸರಿ, ಮಾಡಿಲ್ಲ. ಆದರೂ ಕೊಡುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ರೀಮ್ಯಾಪಿಗೆ ಆಗಿದ್ದು 32 ಸಾವಿರ, ಅದು ನನ್ನ ಹೆಂಡತಿಯ ಚೀಟಿ ದುಡ್ಡು. ಗೇರ್‌ಬಾಕ್ಸ್ ಸರ್ವಿಸ್ ಅಂತ ಹೇಳಿ ತೆಗೆದುಕೊಂಡಿದ್ದೆ. ಅಪ್ಪ ಓದದಿದ್ದರೂ ಅವಳು ಓದುತ್ತಾಳೆ, ನನ್ನ ಪೋಸ್ಟಿಗೆ ಮೊದಲ ಲೈಕ್ ಅವಳದೇ ಇರುತ್ತದೆ, ಈ ಸಲ ಇರುವುದಿಲ್ಲ ಅಂತ ಕಾಣುತ್ತದೆ. ಆದ್ದರಿಂದ ಶನಿವಾರ ಹುಬ್ಬಳ್ಳಿಗೆ ಬರುತ್ತಿದ್ದೇನೆ, ಎರಡು ದಿನಕ್ಕೆ ಒಂದು ಚಾಪೆ, ಒಂದು ದಿಂಬು ಸಾಕು. ಇಡ್ಲಿ ಮಾಡಿಸಬೇಡ.

ಬಸ್ಸಲ್ಲೇ ಬರುತ್ತೇನೆ. ಕಾರಿನ ಆರ್‌ಸಿ ಅವಳ ಹೆಸರಿನಲ್ಲಿದೆ.

ನಿನ್ನ,
ಮಾಜಿ ಸ್ಟಾಕ್ ಸ್ವಾಮಿ