ಸಚಿವರೇ, ಇನ್ನೊಂದು ಪೋರ್ಟಲ್ ಬೇಡ, ಉತ್ತರ ಕೊಡುವ ಜನ ಬೇಕು

ಉದ್ಯೋಗ ಮತ್ತು ಶಿಕ್ಷಣದ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ ನಮಸ್ಕಾರ.

ಕೆಲಸ ಹುಡುಕುವವರಿಗೆ ಅಂತ ಇನ್ನೊಂದು ವೆಬ್‌ಸೈಟ್ ಉದ್ಘಾಟನೆ ಮಾಡುವ ಮೊದಲು ದಯವಿಟ್ಟು ಇದನ್ನು ಓದಿ. ಮಾಹಿತಿಗೆ ಈಗ ಬರ ಇಲ್ಲ. ಯಾವ ಕೋರ್ಸ್ ಮಾಡಬೇಕು, ರೆಸ್ಯೂಮೆ ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ, ಎಲ್ಲವೂ ಫೋನಿನಲ್ಲಿ ರಾಶಿ ರಾಶಿ ಸಿಗುತ್ತದೆ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಹುಡುಗಿಗೆ ಬೇಕಾಗಿರುವುದು ಆ ರಾಶಿ ಅಲ್ಲ. ನನ್ನ ಅಂಕಕ್ಕೆ, ನನ್ನ ಮನೆ ಪರಿಸ್ಥಿತಿಗೆ ಇದರಲ್ಲಿ ಯಾವುದು ಆಗುತ್ತದೆ, ಈ ಆನ್‌ಲೈನ್ ಸರ್ಟಿಫಿಕೇಟನ್ನು ಕಂಪನಿಯವರು ಲೆಕ್ಕಕ್ಕೆ ತಗೊಳ್ತಾರಾ, ಈ ಡಿಗ್ರಿಗೆ ಮಾನ್ಯತೆ ಇದೆಯಾ ಅಂತ ಕೇಳಿದರೆ ನಿಜ ಹೇಳುವ ಒಬ್ಬರು ಬೇಕು.

ಅಂಥವರು ಸಿಗದೇ ಇದ್ದಾಗ ಏನಾಗುತ್ತದೆ ಗೊತ್ತಲ್ವಾ? ಮೋಸಗಾರರು ಉತ್ತರ ಕೊಡುತ್ತಾರೆ, ಅದೂ ತಕ್ಷಣ. ದೊಡ್ಡ ಕಂಪನಿಯ ಲೋಗೋ ಹಾಕಿದ ಮೆಸೇಜ್ ಬರುತ್ತದೆ, ಚಾಟ್‌ನಲ್ಲೇ ಸಂದರ್ಶನ ಮುಗಿಯುತ್ತದೆ, ಆಫರ್ ಲೆಟರೂ ಬರುತ್ತದೆ, ಆಮೇಲೆ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್‌ಗೆ ಠೇವಣಿ ಅಂತ ಶುರುವಾಗುತ್ತದೆ. ಕೆಲಸ ಕೊಡುವವರು ಕೆಲಸಕ್ಕೆ ಬರುವವರಿಂದ ದುಡ್ಡು ಕೇಳಬಾರದು. ಖಾಸಗಿ ಉದ್ಯೋಗ ಏಜೆನ್ಸಿಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲಿ ಮಾಡಿದ ಒಪ್ಪಂದವೂ, ಕೆಲವು ವಿನಾಯಿತಿ ಬಿಟ್ಟರೆ, ಇದನ್ನೇ ಹೇಳುತ್ತದೆ. ಈ ಒಂದು ಮಾತು ಸಮಯಕ್ಕೆ ಸರಿಯಾಗಿ ಕಿವಿಗೆ ಬಿದ್ದಿದ್ದರೆ ಎಷ್ಟೋ ಮಕ್ಕಳ ಸಾಲದ ದುಡ್ಡು ಉಳಿಯುತ್ತಿತ್ತು. ಇದನ್ನು ನೆನೆದರೆ ನನಗೆ ತುಂಬಾ ಸಂಕಟವಾಗುತ್ತದೆ.

ಆಗದ ಕೆಲಸವನ್ನೇನೂ ನಾನು ಕೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ 2012ರಲ್ಲಿ ಶುರುವಾದ ನ್ಯಾಷನಲ್ ಕೆರಿಯರ್ಸ್ ಸರ್ವಿಸ್‌ನಲ್ಲಿ ಸಲಹೆಗಾರರ ಜೊತೆ ಫೋನಿನಲ್ಲೋ ಚಾಟ್‌ನಲ್ಲೋ ನೇರವಾಗಿ ಮಾತಾಡಬಹುದು. ಅಮೆರಿಕದ ಕಾರ್ಮಿಕ ಇಲಾಖೆಯ ವೃತ್ತಿ ಮಾಹಿತಿ ವೆಬ್‌ಸೈಟ್ ಓ-ನೆಟ್‌ನಲ್ಲಿ ನೂರಾರು ವೃತ್ತಿಗಳ ವಿವರ ಇದೆ, ಯಾವ ಕೆಲಸ ಇಷ್ಟವಾಗಬಹುದು ಅಂತ ನೋಡಿಕೊಳ್ಳಲು ಒಂದು ಪ್ರಶ್ನಾವಳಿ ಇದೆ, ಸ್ಪ್ಯಾನಿಷ್ ಮಾತಾಡುವವರಿಗೆ ಬೇರೆ ಪುಟವೇ ಇದೆ. ಯುರೋಪಿಯನ್ ಒಕ್ಕೂಟವಂತೂ ತನ್ನ ವೃತ್ತಿ ಮತ್ತು ಕೌಶಲಗಳ ಪಟ್ಟಿಯನ್ನು ಇಪ್ಪತ್ತಕ್ಕೂ ಜಾಸ್ತಿ ಭಾಷೆಗಳಲ್ಲಿ ಇಟ್ಟಿದೆ. ಓ-ನೆಟ್‌ನ ದತ್ತಾಂಶವನ್ನು ಮೂಲ ಹೇಳಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಹಾಗಾಗಿ ಎಲ್ಲವನ್ನೂ ಸೊನ್ನೆಯಿಂದ ಕಟ್ಟಬೇಕಾಗಿಲ್ಲ. ಟೆಂಡರ್ ಕರೆದು ಸುಮ್ನೆ ಹೊಸ ವೆಬ್‌ಸೈಟ್‌ಗೆ ಸುರಿಯುವ ಹಣವನ್ನು ಅನುವಾದಕರಿಗೆ, ಸಲಹೆಗಾರರಿಗೆ ಕೊಡಿ.

ಸರ್ಕಾರ ಉಚಿತವಾಗಿ ಉದ್ಯೋಗ ಸೇವೆ ನಡೆಸಬೇಕು ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು 1948ರಲ್ಲಿ. ಅವತ್ತು ಅದು ಒಂದು ಕಚೇರಿ, ಒಂದು ಕೌಂಟರ್. ಇವತ್ತು ಆ ಕೌಂಟರ್ ಫೋನಿಗೆ ಬಂದಿದೆ, ಆದರೆ ಕುರ್ಚಿಯಲ್ಲಿ ಯಾರೂ ಇಲ್ಲ. ಅಲ್ಲಿ ತರಬೇತಿ ಪಡೆದ ಸಲಹೆಗಾರರನ್ನು ಕೂರಿಸಿ. ಜನ ತಮ್ಮ ಭಾಷೆಯಲ್ಲೇ ಕೇಳುವಂತಿರಲಿ, ಲಾಗಿನ್, ಓಟಿಪಿ ಇಲ್ಲದೆ ಕೇಳುವಂತಿರಲಿ. ಸಂಜೆಯ ಮೇಲೂ ಸೇವೆ ಇರಲಿ, ಯಾಕಂದ್ರೆ ಹಗಲು ದುಡಿಯುವವರೂ ಬೇರೆ ಕೆಲಸ ಹುಡುಕುತ್ತಿರುತ್ತಾರೆ. ಬಂದಿರುವ ಆಫರ್ ಲೆಟರ್ ಅಸಲಿಯೋ ನಕಲಿಯೋ ಅಂತ ನೋಡಿ ಹೇಳುವ ಕೆಲಸದಿಂದಲೇ ಶುರು ಮಾಡಿ, ಉಳಿದದ್ದು ಆಮೇಲೆ ಆಗಲಿ.

ಇದನ್ನು ಮಾಡುತ್ತೀರಾ, ಮಾಡುವುದಾದರೆ ಯಾವಾಗ, ಇಷ್ಟಕ್ಕೆ ಬಹಿರಂಗವಾಗಿಯೇ ಉತ್ತರ ಕೊಡಿ.